ಸವಕಳಿಯಾಗದ ಆಸ್ತಿ: ಐಸ್ ಹಾಕಿ ಆಟಗಾರ ಮಾರ್ಟಿನ್ ಸೇಂಟ್ ಲೂಯಿ

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಸವಕಳಿಯ ಪಾಠ ಓದುತ್ತೇವೆ. ಯಂತ್ರವೊಂದನ್ನು ಕೊಂಡು ದುಡಿಸಲು ತೊಡಗಿದ ದಿನದಿಂದ ಅದರ ಬೆಲೆ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಗುಜರಿ ಬೆಲೆ ಮಾತ್ರ. ಕ್ರೀಡಾಪಟುವಿನ ದೇಹಕ್ಕೂ ಈ ಲೆಕ್ಕ ಹೊಂದುತ್ತದೆ. ವಯಸ್ಸು ಏರಿದಂತೆ ವೇಗ ತಗ್ಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಹಾಗಾದರೆ ಆಟ ನಿಲ್ಲಿಸಿದ ಮೇಲೆ ಅವನ ಬಳಿ ಉಳಿಯುವುದೇನು? ಕೆನಡಾದ ಐಸ್ ಹಾಕಿ ಆಟಗಾರ, ಈಗ ತರಬೇತುದಾರರಾಗಿರುವ ಮಾರ್ಟಿನ್ ಸೇಂಟ್ ಲೂಯಿ ಅವರ ಬದುಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಆಟದ ಪರಿಚಯ

ಹಾಕಿ ಎಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ. ಐಸ್ ಹಾಕಿ ಬೇರೆಯೇ ಆಟ. ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲದ ಮಂಜುಗಡ್ಡೆಯ ಅಂಕಣದ ಮೇಲೆ ಆಟಗಾರರು ಸ್ಕೇಟ್ಸ್ ಕಟ್ಟಿಕೊಂಡು ಆಡುತ್ತಾರೆ. ಚೆಂಡಿನ ಬದಲು 'ಪಕ್' ಎಂಬ ರಬ್ಬರ್ ಬಿಲ್ಲೆ ಇರುತ್ತದೆ. ಪ್ರತಿ ತಂಡದಲ್ಲಿ ಗೋಲ್‌ಕೀಪರ್ ಸೇರಿ ಒಮ್ಮೆಗೆ ಆರು ಜನ. ತಲಾ 20 ನಿಮಿಷದ ಮೂರು ಅವಧಿಗಳು. ಆಟ ಎಷ್ಟು ದಣಿಸುತ್ತದೆಂದರೆ ಒಂದು ನಿಮಿಷ ತುಂಬುವ ಮೊದಲೇ ಆಟಗಾರರು ಬದಲಾಗುತ್ತಿರುತ್ತಾರೆ. ಯಾರನ್ನು ಯಾವಾಗ ಕಳುಹಿಸಬೇಕು ಎಂದು ನೋಡಿಕೊಳ್ಳುವವರು ತರಬೇತುದಾರರು.

ಮೈಗೆ ಮೈ ಡಿಕ್ಕಿ ಹೊಡೆಯಲು ಈ ಆಟದ ನಿಯಮದಲ್ಲೇ ಅವಕಾಶವಿದೆ. ಆದ್ದರಿಂದ ದೊಡ್ಡ ಮೈಕಟ್ಟಿನವರಿಗೆ ಬೇಡಿಕೆ ಹೆಚ್ಚು. ಅಮೆರಿಕ ಮತ್ತು ಕೆನಡಾದ ತಂಡಗಳು ಸೇರಿ ಆಡುವ ಎನ್‌ಎಚ್‌ಎಲ್ ಲೀಗ್‌ನಲ್ಲಿ ಪ್ರತಿ ವರ್ಷ 'ಡ್ರಾಫ್ಟ್' ನಡೆಯುತ್ತದೆ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ.

ಯಾರೂ ಆರಿಸದ ಆಟಗಾರ

ಸೇಂಟ್ ಲೂಯಿ ಹುಟ್ಟಿದ್ದು 1975ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾವಾಲ್‌ನಲ್ಲಿ. ಎತ್ತರ 5 ಅಡಿ 8 ಇಂಚು. ಡ್ರಾಫ್ಟ್‌ನಲ್ಲಿ ಅವರನ್ನು ಯಾವ ತಂಡವೂ ಆರಿಸಲಿಲ್ಲ. ಅವರು ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯಕ್ಕೆ ಸೇರಿ 1993ರಿಂದ 1997ರವರೆಗೆ ಅಲ್ಲಿ ಆಡಿದರು. 1998ರಲ್ಲಿ ಕ್ಯಾಲ್ಗರಿ ಫ್ಲೇಮ್ಸ್ ತಂಡ ಅವರೊಡನೆ ಕರಾರು ಮಾಡಿಕೊಂಡಿತು. ಅಲ್ಲಿ 69 ಪಂದ್ಯಗಳಲ್ಲಿ ಹೊಡೆದದ್ದು 4 ಗೋಲು. 2000ದಲ್ಲಿ ಲೀಗ್‌ಗೆ ಎರಡು ಹೊಸ ತಂಡಗಳು ಬಂದಾಗ, ಬೇಕಿದ್ದರೆ ಇವರನ್ನು ತೆಗೆದುಕೊಳ್ಳಿ ಎಂದು ಕ್ಯಾಲ್ಗರಿ ಬಿಟ್ಟುಕೊಟ್ಟಿತು. ಆ ತಂಡಗಳಿಗೂ ಅವರು ಬೇಡವಾದರು. ಕೊನೆಗೆ ಕ್ಯಾಲ್ಗರಿ ಹಣ ಕೊಟ್ಟು ಕರಾರು ಮುಗಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಆ ಆಸ್ತಿಯನ್ನು ನಷ್ಟದ ಖಾತೆಗೆ ಬರೆಯಿತು.

ಅದೇ ವರ್ಷ ಟ್ಯಾಂಪಾ ಬೇ ಲೈಟ್ನಿಂಗ್ ತಂಡ ಅವರನ್ನು ಸೇರಿಸಿಕೊಂಡಿತು. 2003-04ರ ಸೀಸನ್‌ನಲ್ಲಿ ಅವರು 38 ಗೋಲು ಹೊಡೆದು, 56 ಗೋಲುಗಳಿಗೆ ನೆರವಾಗಿ, ಒಟ್ಟು 94 ಅಂಕಗಳೊಂದಿಗೆ ಇಡೀ ಲೀಗ್‌ಗೆ ಮೊದಲಿಗರಾದರು. ಅತ್ಯಂತ ಮೌಲ್ಯಯುತ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಅವರಿಗೆ ಬಂತು. ಆ ವರ್ಷ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತೇ? ಅದೇ ಕ್ಯಾಲ್ಗರಿ! ಆರನೇ ಪಂದ್ಯ ಸೋತಿದ್ದರೆ ಕಪ್ ಕ್ಯಾಲ್ಗರಿಯ ಪಾಲಾಗುತ್ತಿತ್ತು. ಹೆಚ್ಚುವರಿ ಸಮಯದ ಎರಡನೇ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದವರು ಸೇಂಟ್ ಲೂಯಿ. ಏಳನೇ ಪಂದ್ಯವನ್ನೂ ಗೆದ್ದು ಟ್ಯಾಂಪಾ ಕಪ್ ಎತ್ತಿತು.

2013ರಲ್ಲಿ, 37ನೇ ವಯಸ್ಸಿನಲ್ಲಿ ಅವರು ಮತ್ತೆ ಲೀಗ್‌ನ ಅತಿ ಹೆಚ್ಚು ಅಂಕ ಗಳಿಸಿದರು. ಆ ಪ್ರಶಸ್ತಿ ಪಡೆದವರಲ್ಲಿ ಅವರೇ ಅತಿ ಹಿರಿಯರು. 2015ರಲ್ಲಿ ನಿವೃತ್ತರಾದಾಗ ಲೀಗ್ ಹಂತದ 1,134 ಪಂದ್ಯಗಳಲ್ಲಿ ಅವರ ಒಟ್ಟು ಅಂಕ 1,033. 2018ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದರು.

ಮಕ್ಕಳ ತಂಡದಿಂದ ಮಾಂಟ್ರಿಯಲ್‌ಗೆ

ನಿವೃತ್ತಿಯ ನಂತರ ಅವರು ದೊಡ್ಡ ಹುದ್ದೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ತಮ್ಮ ಗಂಡುಮಕ್ಕಳು ಆಡುವ ತಂಡಗಳಿಗೆ ತರಬೇತಿ ಕೊಡುತ್ತಿದ್ದರು. 2022ರ ಫೆಬ್ರವರಿಯಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಕರೆಯಿತು. ಇದು 24 ಬಾರಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡ. ಆದರೆ ಆಗ ಪಟ್ಟಿಯ ತಳದಲ್ಲಿತ್ತು, 45 ಪಂದ್ಯಗಳಲ್ಲಿ ಗೆದ್ದಿದ್ದು 8 ಮಾತ್ರ. ವೃತ್ತಿಪರ ತಂಡಕ್ಕೆ ಎಂದೂ ಮುಖ್ಯ ತರಬೇತುದಾರರಾಗಿರದ ವ್ಯಕ್ತಿಗೆ ಇಷ್ಟು ದೊಡ್ಡ ಜವಾಬ್ದಾರಿಯೇ ಎಂದು ಹಲವರು ಹುಬ್ಬೇರಿಸಿದರು.

ಆ ತಂಡದಲ್ಲಿ ಕೋಲ್ ಕಾಫೀಲ್ಡ್ ಎಂಬ ಯುವಕನಿದ್ದ. ಅವನೂ ಸೇಂಟ್ ಲೂಯಿ ಅವರಂತೆ ಗಿಡ್ಡ. ಆ ಸೀಸನ್‌ನ ಮೊದಲ 30 ಪಂದ್ಯಗಳಲ್ಲಿ ಅವನು ಹೊಡೆದದ್ದು ಒಂದೇ ಗೋಲು. ಹೊಸ ತರಬೇತುದಾರರು ಬಂದ ಮೇಲಿನ 37 ಪಂದ್ಯಗಳಲ್ಲಿ 22 ಗೋಲು ಹೊಡೆದ.

ತಂಡದ ಲೆಕ್ಕವನ್ನೂ ನೋಡೋಣ. ಕೆಳಗಿನ ಸೀಸನ್‌ಗಳಲ್ಲಿ ತಲಾ 82 ಪಂದ್ಯಗಳಿದ್ದವು. ಗೆದ್ದರೆ 2 ಅಂಕ, ಹೆಚ್ಚುವರಿ ಸಮಯದಲ್ಲಿ ಸೋತರೆ 1 ಅಂಕ.

2021-22: 55 ಅಂಕ (ಕೊನೆಯ 37 ಪಂದ್ಯಗಳಿಗೆ ಮಾತ್ರ ಅವರ ತರಬೇತಿ)
2022-23: 68 ಅಂಕ
2023-24: 76 ಅಂಕ
2024-25: 91 ಅಂಕ

2025ರಲ್ಲಿ ತಂಡ ಪ್ಲೇಆಫ್ ತಲುಪಿ ಮೊದಲ ಸುತ್ತಿನಲ್ಲಿ ವಾಷಿಂಗ್ಟನ್ ಎದುರು ಸೋತಿತು. ಈ ಏರಿಕೆಯನ್ನೆಲ್ಲ ಒಬ್ಬರ ಖಾತೆಗೆ ಜಮಾ ಮಾಡುವುದು ತಪ್ಪು. ತಂಡಕ್ಕೆ ಒಳ್ಳೆಯ ಯುವ ಆಟಗಾರರೂ ಬಂದಿದ್ದರು. ಆದರೆ ಸೋಲುತ್ತಿದ್ದ ದಿನಗಳಲ್ಲಿ ಆ ಹುಡುಗರನ್ನು ಬೆಳೆಸಿದ್ದು ಸಣ್ಣ ಕೆಲಸವಲ್ಲ.

ಉಳಿದದ್ದು ಯಾವುದು?

ಒಳ್ಳೆಯ ಆಟಗಾರ ಒಳ್ಳೆಯ ತರಬೇತುದಾರನಾಗಿಯೇ ಆಗುತ್ತಾನೆ ಎನ್ನುವಂತಿಲ್ಲ. ಎನ್‌ಎಚ್‌ಎಲ್ ಚರಿತ್ರೆಯಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ವೇಯ್ನ್ ಗ್ರೆಟ್ಜ್‌ಕಿ 2005ರಿಂದ ನಾಲ್ಕು ಸೀಸನ್ ಫೀನಿಕ್ಸ್ ತಂಡದ ತರಬೇತುದಾರರಾಗಿದ್ದರು. ತಂಡ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ಹಾಗಾದರೆ ಸೇಂಟ್ ಲೂಯಿ ಬಳಿ ಇದ್ದದ್ದೇನು? ನನಗನಿಸುವುದು ಇಷ್ಟು. ಮೈಬಲದಿಂದ ದಾರಿ ಮಾಡಿಕೊಳ್ಳಲಾಗದವನು ಖಾಲಿ ಜಾಗ ಎಲ್ಲಿ ತೆರೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಹಾಗೆ ಒಂದೊಂದಾಗಿ ಕಲಿತದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಲು ಸಾಧ್ಯ.

ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಕೆಲಸ ಕಲಿಸುವವರು ದರ್ಜಿಯಾಗಲಿ, ಮೆಕ್ಯಾನಿಕ್ ಆಗಲಿ, ನಮಗೆ ಅವರು 'ಉಸ್ತಾದ್'. ನನ್ನ ಅಬ್ಬಾ ದರ್ಜಿ. ಎರಡು ವರ್ಷದ ಹಿಂದೆ ಅವರ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಯಿತು. ಮನೆ ಹೇಗೆ ನಡೆಯುತ್ತದೋ ಎಂದು ಅಮ್ಮಿಗೂ ನನಗೂ ಭಯವಿತ್ತು. ಈಗ ಅವರು ಮೂವರು ಹುಡುಗರಿಗೆ ಕಟಿಂಗ್ ಕಲಿಸುತ್ತಾ, ಅವರಿಂದ ಹೊಲಿಸುತ್ತಾ ಅದೇ ಅಂಗಡಿ ನಡೆಸುತ್ತಿದ್ದಾರೆ. ಸಂಪಾದನೆ ಮೊದಲಿನಷ್ಟಿಲ್ಲ, ಆದರೆ ನಿಂತಿಲ್ಲ. "ಹಾತಾಂ ಥಕ್‌ತೇ, ಹುನರ್ ನೈ ಥಕ್ತಾ" ಎನ್ನುತ್ತಾರೆ ಅಬ್ಬಾ. ಕೈ ದಣಿಯುತ್ತದೆ, ಕಸುಬು ದಣಿಯುವುದಿಲ್ಲ ಎಂದರ್ಥ.

ಗುಡ್‌ವಿಲ್ ಪಾಠದಲ್ಲಿ ಒಂದು ನಿಯಮವಿದೆ. ಹಣ ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಬರುತ್ತದೆ. ತಾನೇ ಬೆಳೆಸಿಕೊಂಡದ್ದು ಬರುವುದಿಲ್ಲ. ಹಾಗೆಂದು ಅದು ಇಲ್ಲವೆಂದಲ್ಲ. 2000ದಲ್ಲಿ ಸೇಂಟ್ ಲೂಯಿ ಅವರ ಬೆಲೆ ಕಟ್ಟಿದವರು ಎತ್ತರ ನೋಡಿದರು, ಗೋಲು ಎಣಿಸಿದರು. ಆಗ ಪುಸ್ತಕಕ್ಕೆ ಬಾರದ ಆಸ್ತಿಯೇ ಇಪ್ಪತ್ತೆರಡು ವರ್ಷದ ನಂತರ ಮಾಂಟ್ರಿಯಲ್‌ನಲ್ಲಿ ಕೆಲಸಕ್ಕೆ ಬಂತು.

ನಮ್ಮ ಅಂಕಪಟ್ಟಿಯೂ ಒಂದು ಪುಸ್ತಕವೇ. ಅದು ಬೇಕು, ಅದಕ್ಕಾಗಿ ಓದಲೇಬೇಕು. ಮೊದಲ ಪಟ್ಟಿಯಲ್ಲಿ ಹೆಸರು ಬಾರದ ಗೆಳೆಯ ಗೆಳತಿಯರು ಮಾತ್ರ ಇನ್ನೊಂದು ಕಾಲಂ ಇದೆ ಎಂಬುದನ್ನು ಮರೆಯಬೇಡಿ. ಈ ವಾರ ನಿಮ್ಮ ಮನೆಯ ಹಿರಿಯರೊಬ್ಬರನ್ನು ಕೇಳಿ: "ಇಷ್ಟು ವರ್ಷದ ಕೆಲಸದಲ್ಲಿ ನಿಮ್ಮ ಬಳಿ ಸವೆಯದೆ ಉಳಿದದ್ದು ಯಾವುದು?" ಅವರ ಉತ್ತರವನ್ನು ಬರೆದುಕೊಂಡು ಬನ್ನಿ. ಸವಕಳಿಯ ಪಾಠ ಮುಗಿದ ಮೇಲೆ ತರಗತಿಯಲ್ಲಿ ಓದೋಣ.