ಗಂಟೆ ಬಾರಿಸುವ ಕೈ

ಪ್ರಾರ್ಥನೆಯ ಗಂಟೆಯೊಡನೆ ಶಾಲೆಯ ದಿನ ಆರಂಭವಾಗುತ್ತದೆಂದು ನಾವು ತಿಳಿಯುತ್ತೇವೆ. ಆದರೆ ಆ ಗಂಟೆಯನ್ನು ಬಾರಿಸುವ ಜವಾನರ ದಿನ ಅದಕ್ಕೆ ಬಹಳ ಮೊದಲೇ ಆರಂಭವಾಗಿರುತ್ತದೆ. ಬೀಗ ತೆಗೆದು, ಕಿಟಕಿಗಳನ್ನು ತೆರೆದು, ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಿ, ಮೂಲೆಯಿಂದ ಬಾಗಿಲಿನತ್ತ ಗುಡಿಸಿ, ಕರಿಹಲಗೆಯನ್ನು ಒರೆಸಿ, ಕುಡಿಯುವ ನೀರನ್ನು ತುಂಬಿಸುವವರು ಅವರು. ಈ ಕೆಲಸ ಚೆನ್ನಾಗಿ ನಡೆದಷ್ಟೂ ಯಾರ ಗಮನಕ್ಕೂ ಬಾರದು. ಒಂದು ದಿನ ನಿಂತರೆ ಎಲ್ಲರಿಗೂ ತಿಳಿಯುತ್ತದೆ.

ನಾನು ಉಪಾಧ್ಯಾಯನಾಗಿ ಸೇರಿದ ಹೊಸತು. ಮಳೆಗಾಲದ ಒಂದು ಬೆಳಿಗ್ಗೆ ಗಂಟೆ ಹತ್ತು ನಿಮಿಷ ತಡವಾಯಿತು. ನಮ್ಮ ಜವಾನರು ನನ್ನ ತಂದೆಯ ವಯಸ್ಸಿನವರು. ಆದರೂ ಮಕ್ಕಳೆದುರಿಗೆ ಅವರನ್ನು ಏಕವಚನದಲ್ಲಿ ಗದರಿಸಿದೆ. "ತಪ್ಪಾಯಿತು ಸ್ವಾಮಿ" ಎಂದಷ್ಟೇ ನುಡಿದು ಅವರು ಹೊರಟುಹೋದರು.

ತರಗತಿಯೊಳಗೆ ಕಾಲಿಟ್ಟಾಗ ನೆಲವೆಲ್ಲ ತೇವವಾಗಿತ್ತು. ರಾತ್ರಿಯ ಗಾಳಿಮಳೆಗೆ ಹೆಂಚು ಸರಿದು ಕೊಠಡಿಯಲ್ಲಿ ನೀರು ನಿಂತಿತ್ತಂತೆ. ಬೆಳಕು ಹರಿಯುವ ಮೊದಲೇ ಬಂದು ಅವರೊಬ್ಬರೇ ಅದನ್ನು ಎತ್ತಿ ಹೊರಚೆಲ್ಲಿದ್ದರು. ಭೂಪಟಗಳೂ ಪುಸ್ತಕಗಳೂ ಕಪಾಟಿನ ಮೇಲೆ ಒಣಗಿದಂತೆಯೇ ಇದ್ದವು.

ಸಂಜೆ ಏಕಾಂತದಲ್ಲಿ ಕ್ಷಮೆ ಬೇಡಿದೆ. "ಪುಸ್ತಕ ನೆನೆಯಲಿಲ್ಲವಲ್ಲ ಮೇಷ್ಟ್ರೇ, ಅಷ್ಟು ಸಾಕು" ಎಂದು ಅವರು ನಕ್ಕರು. ನನಗೆ ಮಾತ್ರ ಅಷ್ಟು ಸಾಲದೆನಿಸಿತು. ಎಲ್ಲರೆದುರಿಗೆ ಮಾಡಿದ ಅವಮಾನವನ್ನು ಒಬ್ಬರೆದುರಿಗೆ ತೊಳೆಯಲಾದೀತೆ? ಮರುದಿನ ಪ್ರಾರ್ಥನೆಯಲ್ಲಿ ಮಕ್ಕಳಿಗೆಲ್ಲ ನನ್ನ ತಪ್ಪನ್ನು ತಿಳಿಸಿದೆ.

1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಶೌಚಸ್ಥಳಗಳು ಹೊಲಸಾಗಿದ್ದವು. ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ಹಿಂಜರಿದಾಗ ಗಾಂಧೀಜಿ ತಾವೇ ಪೊರಕೆಯನ್ನು ಕೇಳಿ ಪಡೆದು ಶುಚಿಗೊಳಿಸಿದರು. ಕೊಳೆಯನ್ನು ಮಾಡುವವರು ಒಬ್ಬರು, ತೆಗೆಯುವವರು ಹುಟ್ಟಿನಿಂದಲೇ ಗೊತ್ತಾದ ಇನ್ನೊಬ್ಬರು ಎಂಬ ಭಾವನೆ ನಮ್ಮ ಸಮಾಜದ ಹಳೆಯ ರೋಗ. 2013ರ ಕಾನೂನು ಮಲವನ್ನು ಕೈಯಿಂದ ತೆಗೆಸುವುದನ್ನು ನಿಷೇಧಿಸಿದೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಮಲದ ಗುಂಡಿಗೆ ಇಳಿಸಬಾರದೆಂದೂ ವಿಧಿಸಿದೆ. ಆದರೆ ಮನಸ್ಸಿನೊಳಗಿನ ತಿರಸ್ಕಾರವನ್ನು ಕಾನೂನೊಂದೇ ತೊಡೆಯಲಾರದು. ಅದು ನಮ್ಮ ನಡೆನುಡಿಯಿಂದ ಆಗಬೇಕಾದ ಕೆಲಸ.

ವಿದ್ಯಾರ್ಥಿಗಳೇ, ಹರಿದ ಕಾಗದವನ್ನು ಬುಟ್ಟಿಗೆ ಹಾಕುವುದು, ನಲ್ಲಿಯನ್ನು ನಿಲ್ಲಿಸುವುದು, ಶೌಚಾಲಯಕ್ಕೆ ನೀರು ಸುರಿಯುವುದು ದೊಡ್ಡ ಸಾಧನೆಗಳಲ್ಲ. ಆದರೆ ಇವನ್ನು ನೀವು ಮಾಡದೆ ಬಿಟ್ಟರೆ ಹಿರಿಯರೊಬ್ಬರ ಬೆನ್ನು ಅಷ್ಟು ಸಲ ಹೆಚ್ಚಾಗಿ ಬಾಗಬೇಕಾಗುತ್ತದೆ. ನಾಳೆ ಗಂಟೆ ಕೇಳಿಸಿದಾಗ, ಅದನ್ನು ಬಾರಿಸಿದ ಕೈಯನ್ನೊಮ್ಮೆ ನೆನೆಯಿರಿ. ಎದುರಾದರೆ ಬಹುವಚನದಲ್ಲಿ ಮಾತನಾಡಿಸಿರಿ.