ನಾಸ್ತಿಕ್ಯವೇ ತಳಹದಿಯಾದ ರಾಷ್ಟ್ರ: ಶರಣದೃಷ್ಟಿಯಿಂದ ಒಂದು ವಿಚಾರ

ದೇವರಿಲ್ಲವೆಂಬುದನ್ನೇ ತಳಹದಿಯಾಗಿ ಇರಿಸಿಕೊಂಡು ಒಂದು ರಾಷ್ಟ್ರವನ್ನು ಕಟ್ಟಿದರೆ ಅದು ಪ್ರಜೆಗಳಿಗೆ ಶ್ರೇಯಸ್ಕರವಾದೀತೆ? ಈ ಪ್ರಶ್ನೆಯನ್ನು ಕೇಳಿದೊಡನೆ ಭಕ್ತನಾದವನು ‘ಸರ್ವಥಾ ಆಗದು’ ಎಂದು ಉತ್ತರಿಸುವುದು ಸಹಜ. ಆದರೆ ವಿಚಾರಿಸದೆ ಕೊಟ್ಟ ಉತ್ತರವು ಸರಿಯಾಗಿದ್ದರೂ ಅದು ಅರಿವೆನಿಸದು. ಶರಣರು ಅರಿವನ್ನೇ ಗುರುವೆಂದು ಭಾವಿಸಿದವರು. ಅವರ ಮಾರ್ಗವನ್ನು ಹಿಡಿದವರು ಪೂರ್ವಪಕ್ಷವನ್ನು ತಾಳ್ಮೆಯಿಂದ ಕೇಳಿ, ದೃಷ್ಟಾಂತವನ್ನು ಪರಿಶೀಲಿಸಿ, ಅನಂತರ ಸಿದ್ಧಾಂತಕ್ಕೆ ಬರುವುದು ಯುಕ್ತವಾದುದು.

ಪದದ ಅರ್ಥ

ಮೊದಲು ‘ನಾಸ್ತಿಕ’ ಎಂಬ ಪದದ ಅರ್ಥವನ್ನು ನಿಶ್ಚಯಿಸಬೇಕು. ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ, ‘ಅಸ್ತಿ’ ಎಂಬ ಮತಿಯುಳ್ಳವನು ಆಸ್ತಿಕನೆಂದೂ ‘ನಾಸ್ತಿ’ ಎಂಬ ಮತಿಯುಳ್ಳವನು ನಾಸ್ತಿಕನೆಂದೂ ಶಬ್ದಸಿದ್ಧಿಯನ್ನು ಹೇಳಿರುವನು. ವ್ಯಾಖ್ಯಾನಕಾರರು ಈ ಇರುವಿಕೆ ಇಲ್ಲದಿರುವಿಕೆಗಳನ್ನು ಪರಲೋಕಕ್ಕೆ ಅನ್ವಯಿಸಿದರು. ಮನುಸ್ಮೃತಿಯ ಎರಡನೆಯ ಅಧ್ಯಾಯವಾದರೋ ವೇದವನ್ನು ನಿಂದಿಸುವವನೇ ನಾಸ್ತಿಕನೆಂದಿತು. ಈ ಎರಡನೆಯ ಅರ್ಥವನ್ನು ಹಿಡಿದರೆ ಬೌದ್ಧ, ಜೈನ, ಚಾರ್ವಾಕರ ಸಾಲಿನಲ್ಲಿ, ವೇದಕ್ಕಿಂತಲೂ ಅನುಭಾವವೇ ಹಿರಿದೆಂದು ಸಾರಿದ ಅನೇಕ ಶರಣರನ್ನೂ ನಿಲ್ಲಿಸಬೇಕಾಗುವುದು! ಶಿವಪ್ರೇಮದಲ್ಲಿಯೇ ಬಾಳನ್ನು ಸವೆಸಿದವರಿಗೂ ಈ ಹೆಸರು ತಗುಲಬಹುದಾದರೆ, ಹೆಸರನ್ನು ಕೇಳಿದಷ್ಟಕ್ಕೇ ಹೌಹಾರುವುದು ತರವಲ್ಲ. ಈ ಲೇಖನದಲ್ಲಿ ಲೋಕರೂಢಿಯಂತೆ ಈಶ್ವರನಿಲ್ಲವೆನ್ನುವವನು ಎಂಬ ಅರ್ಥವನ್ನೇ ಇಟ್ಟುಕೊಳ್ಳಲಾಗಿದೆ.

ಇನ್ನು ರಾಷ್ಟ್ರದ ವಿಷಯದಲ್ಲಿಯೂ ಮೂರು ಭೇದಗಳನ್ನು ಮಾಡಬೇಕು. ಪ್ರಜೆಗಳಲ್ಲಿ ಬಹುಮಂದಿ ತಮ್ಮ ಇಚ್ಛೆಯಿಂದಲೇ ದೇವರನ್ನು ನಂಬದೆ ಇರುವ ನಾಡು ಒಂದು. ಇಂದಿನ ಚೆಕ್ ದೇಶವು ಇದಕ್ಕೆ ನಿದರ್ಶನ. ಯಾವ ಮತದ ಪಕ್ಷವನ್ನೂ ವಹಿಸದೆ ಎಲ್ಲರ ಉಪಾಸನೆಗೂ ಎಡೆಗೊಡುವ ರಾಜ್ಯ ಇನ್ನೊಂದು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು 25ರಿಂದ 28ರವರೆಗಿನ ವಿಧಿಗಳಲ್ಲಿ ಈ ಮಾರ್ಗವನ್ನು ಹಿಡಿದಿದೆ. ನಾಸ್ತಿಕ್ಯವನ್ನೇ ರಾಜಮತವನ್ನಾಗಿ ಮಾಡಿ ಅನ್ಯವಾದುದನ್ನೆಲ್ಲ ನಿಷೇಧಿಸುವ ರಾಜ್ಯವು ಮೂರನೆಯದು. ಮೇಲಿನ ಪ್ರಶ್ನೆಯು ಈ ಮೂರನೆಯದಕ್ಕೆ ಸಂಬಂಧಿಸಿದುದು. ಇವುಗಳನ್ನು ಬೆರಸಿ ಮಾತನಾಡುವುದರಿಂದಲೇ ವಾದವು ದಾರಿ ತಪ್ಪುವುದು.

ದೃಷ್ಟಾಂತ

ಮೂರನೆಯ ಬಗೆಯ ರಾಜ್ಯವು ಕೇವಲ ಕಲ್ಪನೆಯಲ್ಲ. ಸೋವಿಯತ್ ಒಕ್ಕೂಟದ 1936ರ ಸಂವಿಧಾನವು ಮತವಿರೋಧಿ ಪ್ರಚಾರಕ್ಕೆ ಸ್ವಾತಂತ್ರ್ಯವನ್ನು ಕೊಟ್ಟರೂ ಪೂಜೆಯ ಸ್ವಾತಂತ್ರ್ಯವನ್ನು ಬರಹದಲ್ಲಾದರೂ ಉಳಿಸಿಕೊಂಡಿತ್ತು. ಯುರೋಪಿನ ಚಿಕ್ಕ ದೇಶವಾದ ಆಲ್ಬೇನಿಯಾ ಅಷ್ಟನ್ನೂ ಉಳಿಸಲಿಲ್ಲ. ಆ ನಾಡಿನ ಜನರಲ್ಲಿ ಮಹಾಯುದ್ಧಕ್ಕೆ ಮುಂಚೆ ನೂರಕ್ಕೆ ಸುಮಾರು 70 ಮಂದಿ ಮುಸಲ್ಮಾನರು, 20 ಮಂದಿ ಆರ್ಥೊಡಾಕ್ಸ್ ಕ್ರೈಸ್ತರು, 10 ಮಂದಿ ಕ್ಯಾಥೊಲಿಕ್ ಕ್ರೈಸ್ತರು. 1944ರಿಂದ ಅಲ್ಲಿ ಅಧಿಕಾರದಲ್ಲಿದ್ದ ಎನ್ವರ್ ಹೋಜಾ 1967ರ ಫೆಬ್ರವರಿ 6ರಂದು ಮಾಡಿದ ಭಾಷಣದಿಂದ ಮತಗಳ ಮೇಲಿನ ದಂಡಯಾತ್ರೆ ಮೊದಲಾಯಿತು. ತರುಣ ವಿದ್ಯಾರ್ಥಿಗಳನ್ನು ಮುಂದಿಟ್ಟುಕೊಂಡು ಆ ವರ್ಷದೊಳಗಾಗಿ ಮಸೀದಿ, ಚರ್ಚು, ಸನ್ಯಾಸಿಮಠ ಮೊದಲಾದ 2,000ಕ್ಕೂ ಹೆಚ್ಚು ಪೂಜಾಸ್ಥಾನಗಳನ್ನು ಮುಚ್ಚಿಸಲಾಯಿತು. ಕೆಲವನ್ನು ಕೆಡವಿದರು, ಕೆಲವನ್ನು ಉಗ್ರಾಣ ಮಾಡಿದರು, ಷ್ಕೋದರ್ ನಗರದ ಮುಖ್ಯ ಕ್ಯಾಥೊಲಿಕ್ ದೇವಾಲಯವು ಆಟದ ಮಂದಿರವಾಯಿತು. 1975ರಲ್ಲಿ ರಾಜ್ಯದ ದೃಷ್ಟಿಗೆ ಸಲ್ಲದ ಹೆಸರುಗಳನ್ನು ಬದಲಾಯಿಸಿಕೊಳ್ಳಬೇಕೆಂಬ ಆಜ್ಞೆ ಹೊರಟಿತು. 1976ರ ಸಂವಿಧಾನದ 37ನೆಯ ವಿಧಿಯು ರಾಜ್ಯವು ಯಾವ ಮತವನ್ನೂ ಮಾನ್ಯ ಮಾಡುವುದಿಲ್ಲವೆಂದೂ ನಾಸ್ತಿಕ್ಯದ ಪ್ರಚಾರವನ್ನು ಬೆಂಬಲಿಸುವುದೆಂದೂ ವಿಧಿಸಿತು. ಭಾರತದ ಸಂವಿಧಾನದ ಪೀಠಿಕೆಗೆ ಮತನಿರಪೇಕ್ಷತೆಯ ಮಾತನ್ನು ಸೇರಿಸಿದ 42ನೆಯ ತಿದ್ದುಪಡಿಯೂ ಅದೇ 1976ರದು. ಎರಡು ಮಾರ್ಗಗಳ ಅಂತರವನ್ನು ಅಳೆಯಲು ಈ ಒಂದು ವರ್ಷವೇ ಸಾಕು.

ಪೂರ್ವಪಕ್ಷ

ಆ ರಾಜ್ಯದ ಪರವಾಗಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ. ಮತಗಳು ಜನರನ್ನು ಒಡೆಯುತ್ತವೆ, ದುಡಿಯದ ಪೂಜಾರಿಗಳನ್ನು ಪೋಷಿಸುತ್ತವೆ, ಸ್ತ್ರೀಯರನ್ನು ತುಳಿಯುತ್ತವೆ, ಅಜ್ಞಾನವನ್ನು ಬೆಳೆಸುತ್ತವೆ. ಅವನ್ನು ತೆಗೆದರೆ ಐಕ್ಯವೂ ವಿದ್ಯೆಯೂ ತಾವಾಗಿ ಬೆಳೆಯುತ್ತವೆ ಎಂಬುದು ಅದರ ವಾದ. ಫಲವೂ ಕಾಣದೆ ಹೋಗಲಿಲ್ಲ. ಮಹಾಯುದ್ಧಕ್ಕೆ ಮುಂಚೆ ಬಹುಪಾಲು ನಿರಕ್ಷರವಾಗಿದ್ದ ನಾಡು ಅಕ್ಷರವನ್ನು ಕಲಿಯಿತು. 1970ರ ಹೊತ್ತಿಗೆ ಹಳ್ಳಿಹಳ್ಳಿಗೂ ವಿದ್ಯುಚ್ಛಕ್ತಿ ಮುಟ್ಟಿತು. ಜೌಗುನೆಲಗಳು ಬತ್ತಿ ಬೇಸಾಯಕ್ಕೆ ಒದಗಿದವು.

ಶರಣಪಥದವರು ಈ ಆಕ್ಷೇಪಗಳನ್ನು ಕೇಳಿ ಕೋಪಿಸಿಕೊಳ್ಳಲಾಗದು. ಏಕೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರೇ ಇವುಗಳಲ್ಲಿ ಬಹುಭಾಗವನ್ನು ಎತ್ತಿದ್ದರು. ಭಕ್ತ ಭಗವಂತರ ನಡುವೆ ನಿಂತು ಸುಂಕವೆತ್ತುವ ಮಧ್ಯವರ್ತಿಯನ್ನು ಅವರು ಒಪ್ಪಲಿಲ್ಲ. ಕಾಯಕವಿಲ್ಲದ ಬಾಳನ್ನು ಒಪ್ಪಲಿಲ್ಲ. ಹೆಣ್ಣು ಗಂಡೆಂಬ, ಕುಲವು ಹಿರಿದು ಕಿರಿದೆಂಬ ತಾರತಮ್ಯವನ್ನು ಒಪ್ಪಲಿಲ್ಲ. ಆದುದರಿಂದ ರೋಗದ ನಿರ್ಣಯದಲ್ಲಿ ಪೂರ್ವಪಕ್ಷದವನಿಗೂ ಶರಣನಿಗೂ ಎಷ್ಟೋ ಅಂಶಗಳಲ್ಲಿ ಒಮ್ಮತವುಂಟು. ಭೇದವಿರುವುದು ಚಿಕಿತ್ಸೆಯಲ್ಲಿ.

ಪರೀಕ್ಷೆ

ಕಾರ್ಯಕಾರಣಗಳನ್ನು ನಿಶ್ಚಯಿಸಲು ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂಬ ಸಾಧನಗಳಿವೆ. ಯಾವುದಿದ್ದರೆ ಕಾರ್ಯವಿರುವುದೋ, ಯಾವುದಿಲ್ಲದಿದ್ದರೆ ಕಾರ್ಯವೂ ಇಲ್ಲವೋ ಅದೇ ಕಾರಣ. ವಿದ್ಯೆಗೆ ನಾಸ್ತಿಕ್ಯವು ಕಾರಣವಾಗಿದ್ದರೆ, ಅದಿಲ್ಲದೆಡೆಯಲ್ಲಿ ವಿದ್ಯೆಯೂ ಇರಬಾರದಾಗಿತ್ತು. ಕೇರಳವನ್ನು ನೋಡಬೇಕು. ಅಲ್ಲಿ 1957ರಲ್ಲಿಯೇ ಕಮ್ಯೂನಿಸ್ಟ್ ಪಕ್ಷವು ಮತದಾನದಿಂದ ಅಧಿಕಾರಕ್ಕೆ ಬಂದಿತು. ದೇವಾಲಯ, ಮಸೀದಿ, ಚರ್ಚುಗಳ ಬಾಗಿಲುಗಳನ್ನು ಮುಚ್ಚಲಿಲ್ಲ. ಹಾಗಿದ್ದೂ 1991ರಲ್ಲಿ ಅದು ಸಂಪೂರ್ಣ ಸಾಕ್ಷರವೆಂದು ಘೋಷಿತವಾಯಿತು. ಆದುದರಿಂದ ಅಕ್ಷರಕ್ಕೆ ಕಾರಣವು ಶಾಲೆಯೂ ಉಪಾಧ್ಯಾಯನೂ ಆಳುವವರ ಶ್ರಮವೂ ಹೊರತು ದೇವರ ನಿರಾಕರಣವಲ್ಲ.

ಇದೇ ತಕ್ಕಡಿಯಲ್ಲಿ ಆಸ್ತಿಕನ ಮಾತನ್ನೂ ತೂಗಬೇಕು. ದೇವರ ಭಯವಿಲ್ಲದಿದ್ದರೆ ನೀತಿಯೇ ಇಲ್ಲವೆಂದು ಭಕ್ತರಲ್ಲಿ ಹಲವರು ಹೇಳುವುದುಂಟು. ಈ ಮಾತೂ ನಿಲ್ಲದು. ಆಂಧ್ರದ ಮುದುನೂರಿನಲ್ಲಿ 1940ರಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದ ಗೋಪರಾಜು ರಾಮಚಂದ್ರರಾಯರು, ‘ಗೋರಾ’ ಎಂದು ಪ್ರಸಿದ್ಧರಾದವರು, ದೇವರನ್ನು ನಂಬಲಿಲ್ಲ. ಆದರೆ ಅಸ್ಪೃಶ್ಯತೆಯ ನಿವಾರಣೆಗಾಗಿ ಬಾಳನ್ನೇ ಸವೆಸಿದರು. ಮಹಾತ್ಮಾ ಗಾಂಧಿಯವರ ಸ್ನೇಹಕ್ಕೆ ಪಾತ್ರರಾದರು. ಹಣೆಯಲ್ಲಿ ವಿಭೂತಿ ಧರಿಸಿ ನೆರೆಯವನನ್ನು ಹೊರಗೆ ನಿಲ್ಲಿಸುವವನಿಗೂ, ವಿಭೂತಿಯಿಲ್ಲದೆ ಅವನನ್ನು ಒಳಕ್ಕೆ ಕರೆಯುವವನಿಗೂ ನಡುವೆ ಶರಣರು ಯಾರನ್ನು ಮೆಚ್ಚುತ್ತಿದ್ದರೆಂದು ಹೇಳಬೇಕಾಗಿಲ್ಲ. ವ್ಯಕ್ತಿಯ ನಾಸ್ತಿಕ್ಯವು ಅವನ ಅರಿವಿಗೆ ಸಂಬಂಧಿಸಿದುದು; ಅವನ ಬೆಲೆಯು ಅವನ ಆಚಾರದಿಂದ. ಇಷ್ಟನ್ನು ಒಪ್ಪಿಕೊಂಡ ಮೇಲೆಯೇ ರಾಜ್ಯದ ನಾಸ್ತಿಕ್ಯವನ್ನು ವಿಚಾರಿಸುವ ಅಧಿಕಾರವು ಭಕ್ತನಿಗೆ ಬರುವುದು.

ಸಿದ್ಧಾಂತ

ಷಟ್‍ಸ್ಥಲ ಶಾಸ್ತ್ರದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆಯನ್ನು ಹೇಳಿದೆ. ಈ ಶ್ರದ್ಧೆಯು ಒಳಗಿನಿಂದ ಮೊಳೆಯತಕ್ಕದ್ದು. ಬೀಜವನ್ನು ಬಿತ್ತಬಹುದು, ನೀರೆರೆಯಬಹುದು. ಮೊಳಕೆಯನ್ನು ಕೈಯಿಂದ ಹಿಡಿದೆಳೆದು ಬೆಳೆಸಲಾಗದು. ಶ್ರದ್ಧೆಯನ್ನು ಆಜ್ಞೆಯಿಂದ ಹುಟ್ಟಿಸಲಾಗದಂತೆಯೇ ಆಜ್ಞೆಯಿಂದ ಅಳಿಸಲೂ ಆಗದು. ಆಳುವವರು ಅದಕ್ಕೆ ಯತ್ನಿಸಿದರೆ ಏನಾಗುವುದೆಂಬುದನ್ನು ಆಲ್ಬೇನಿಯಾ ತೋರಿಸಿಕೊಟ್ಟಿತು.

ಮೊದಲನೆಯದಾಗಿ, ಅಲ್ಲಿ ಮನೆಯು ಮನೆಯಾಗಿ ಉಳಿಯಲಿಲ್ಲ. ಉಪವಾಸದ ದಿನಗಳಲ್ಲಿ ಶಾಲೆಗಳಲ್ಲಿಯೂ ಕಾರ್ಯಸ್ಥಾನಗಳಲ್ಲಿಯೂ ನಿಷಿದ್ಧವಾದ ಆಹಾರವನ್ನು ಹಂಚಿ, ಒಲ್ಲೆನೆಂದವರನ್ನು ಗುರುತಿಸುತ್ತಿದ್ದರು. ಮಗುವು ಶಾಲೆಯಲ್ಲಿ ಬಾಯಿ ಬಿಟ್ಟೀತೆಂದು ತಂದೆತಾಯಿಗಳು ತಮ್ಮ ಪ್ರಾರ್ಥನೆಯನ್ನು ಮಗುವಿನಿಂದಲೇ ಮರೆಮಾಡಿದರು. ಗೃಹಸ್ಥನಾದವನು ಇದನ್ನು ತನ್ನ ಮನೆಗೆ ಅನ್ವಯಿಸಿ ನೋಡಬೇಕು. ಮಗನು ಎದ್ದಾನೆಂದು ಅಂಜಿ, ದೀಪವಾರಿಸಿ, ಕರದಿಷ್ಟಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ತಾಯಿಯನ್ನು ನೆನೆದರೆ ಆ ರಾಜ್ಯದ ಸ್ವರೂಪವು ತಿಳಿದುಬರುವುದು.

ಎರಡನೆಯದಾಗಿ, ಅಳಿಸಬೇಕೆಂದುದು ಅಳಿಯಲಿಲ್ಲ. ಷ್ತೆಫೆನ್ ಕುರ್ತಿ ಎಂಬ ವೃದ್ಧ ಕ್ಯಾಥೊಲಿಕ್ ಗುರುವು ಸೆರೆಯಲ್ಲಿದ್ದುಕೊಂಡೇ ಒಂದು ಶಿಶುವಿಗೆ ಗುಟ್ಟಾಗಿ ದೀಕ್ಷಾಸ್ನಾನವನ್ನು ಮಾಡಿಸಿದುದಕ್ಕಾಗಿ 1971ರಲ್ಲಿ ಗುಂಡಿಗೆ ಬಲಿಯಾದರು. ಎರ್ನೆಸ್ಟ್ ಸಿಮೋನಿ ಎಂಬ ಇನ್ನೊಬ್ಬರನ್ನು 1963ರ ಕ್ರಿಸ್ಮಸ್ ಹಬ್ಬದ ಹಿಂದಿನ ದಿನ ಹಿಡಿದು 18 ವರ್ಷ ಸೆರೆಯಲ್ಲಿಟ್ಟರು. ಬಿಡುಗಡೆಯ ಬಳಿಕವೂ ಚರಂಡಿಯ ಕೆಲಸಕ್ಕೆ ಹಚ್ಚಿದರು. 2014ರಲ್ಲಿ ಅವರ ಕಥೆಯನ್ನು ಅವರ ಬಾಯಿಂದಲೇ ಕೇಳಿ ಪೋಪ್ ಫ್ರಾನ್ಸಿಸರು ಕಣ್ಣೀರಿಟ್ಟರು. ಮುಸ್ಲಿಂ ವಿದ್ವಾಂಸರಾದ ಹಾಫಿಜ್ ಸಬ್ರಿ ಕೋಚಿಯವರು 20 ವರ್ಷಗಳಿಗೂ ಮಿಕ್ಕಿ ಸೆರೆಯನ್ನು ಅನುಭವಿಸಿದರು. 1990ರ ನವೆಂಬರಿನಲ್ಲಿ ಷ್ಕೋದರಿನ ಸ್ಮಶಾನದಲ್ಲಿ ಕ್ರೈಸ್ತರು ಬಹಿರಂಗವಾಗಿ ಪೂಜೆಗೆ ನೆರೆದರು. ಕೆಲವೇ ದಿನಗಳಲ್ಲಿ ಅದೇ ಊರಿನ ಮಸೀದಿಯಲ್ಲಿ ಸಬ್ರಿ ಕೋಚಿಯವರ ಮುಂದಾಳುತನದಲ್ಲಿ ನಮಾಜು ನಡೆಯಿತು. 23 ವರ್ಷಗಳ ನಿಷೇಧವು ಹೀಗೆ ಮುರಿಯಿತು. 2011ರ ಜನಗಣತಿಯಲ್ಲಿ ಆ ನಾಡಿನಲ್ಲಿ ನಾಸ್ತಿಕರೆಂದು ಹೇಳಿಕೊಂಡವರು ನೂರಕ್ಕೆ ಮೂವರಿಗಿಂತಲೂ ಕಡಿಮೆ.

ಮೂರನೆಯದಾಗಿ, ದಯೆಗೆ ಅಡ್ಡಗಟ್ಟಿದಂತಾಯಿತು. ಕಲ್ಕತ್ತೆಯ ಬೀದಿಗಳಲ್ಲಿ ಅನಾಥರ ಸೇವೆಗಾಗಿ ಪ್ರಸಿದ್ಧರಾದ ಮದರ್ ತೆರೇಸಾ ಆಲ್ಬೇನಿಯನ್ ಮನೆತನದವರು. ಅವರ ತಾಯಿಯೂ ಅಕ್ಕನೂ ತಿರಾನಾ ನಗರದಲ್ಲಿದ್ದರು. ಮಗಳ ಮುಖವನ್ನು ಕಾಣದೆಯೇ ತಾಯಿಯು 1972ರಲ್ಲಿ ತೀರಿಕೊಂಡರು. ಆ ನಾಡಿನೊಳಗೆ ಕಾಲಿಡಲು ಮದರ್ ತೆರೇಸಾ ಅವರಿಗೆ ಅನುಮತಿ ದೊರೆತುದು 1989ರಲ್ಲಿ. ಆಗ ಅವರ ಪಾಲಿಗೆ ಉಳಿದುದು ಸಮಾಧಿಗಳ ದರ್ಶನ ಮಾತ್ರ.

ನಾಲ್ಕನೆಯದು ಇನ್ನೂ ವಿಚಾರಾರ್ಹವಾದುದು. ದೇವರನ್ನು ಇಳಿಸಿದ ಪೀಠವು ಬರಿದಾಗಿ ಉಳಿಯಲಿಲ್ಲ. 1968ರಲ್ಲಿ ಷ್ಪಿರಾಗ್ ಎಂಬ ಪರ್ವತದ ಮೈಮೇಲೆ ‘ಎನ್ವರ್’ ಎಂಬ ಹೆಸರನ್ನು ಕಲ್ಲುಗಳಿಂದ ಬೃಹದಕ್ಷರಗಳಲ್ಲಿ ಬರೆಯಿಸಿದರು. 1985ರಲ್ಲಿ ಹೋಜಾ ತೀರಿಕೊಂಡ ಬಳಿಕ 1988ರಲ್ಲಿ ರಾಜಧಾನಿಯ ನಡುವೆ ಅವರ ಮಹಾಪ್ರತಿಮೆಯು ಎದ್ದಿತು. ಅವರ ಹೆಸರಿನ ಸ್ಮಾರಕಮಂದಿರವೂ ತೆರೆಯಿತು. ಕಲ್ಲಿನ ಮೂರ್ತಿಗಳನ್ನು ಮೌಢ್ಯವೆಂದು ಒಡೆದವರೇ ಕಂಚಿನ ಮೂರ್ತಿಯನ್ನು ನಿಲ್ಲಿಸಿದರು! 1991ರ ಫೆಬ್ರವರಿ 20ರಂದು ಜನರು ಆ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿದರು. ಸ್ಥಾವರಕ್ಕೆ ಅಂಟಿಕೊಂಡ ಭಕ್ತಿಯನ್ನು ಶರಣರು ಏಕೆ ಒಪ್ಪಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠವು ದೊರಕುವುದು ಕಷ್ಟ.

ಹಾಗಾದರೆ ಆಸ್ತಿಕ್ಯವನ್ನು ಬಲದಿಂದ ಹೇರುವ ರಾಜ್ಯವು ಶ್ರೇಷ್ಠವೋ ಎಂದರೆ ಅದೂ ಅಲ್ಲ. ಕಲ್ಯಾಣದ ಕಥೆಯನ್ನೇ ನೆನೆಯಬೇಕು. ಹರಳಯ್ಯ ಮಧುವರಸರ ಮನೆಗಳು ವಿವಾಹಸಂಬಂಧದಿಂದ ಒಂದಾದುದಕ್ಕಾಗಿ ಅವರಿಬ್ಬರಿಗೂ ಮರಣದಂಡನೆಯಾಯಿತೆಂದೂ ಶರಣರು ದಿಕ್ಕುದಿಕ್ಕಿಗೆ ಚೆದರಿದರೆಂದೂ ಪರಂಪರೆಯು ಹೇಳುತ್ತದೆ. ಆ ದಂಡನೆಯನ್ನು ವಿಧಿಸಿದ ಬಿಜ್ಜಳನು ನಾಸ್ತಿಕನಾಗಿರಲಿಲ್ಲ. ವರ್ಣಧರ್ಮದ ರಕ್ಷಣೆಯ ಹೆಸರಿನಲ್ಲಿಯೇ ಅದು ನಡೆಯಿತು. ದೋಷವು ಇರುವುದು ಮನುಷ್ಯನ ಅಂತರಂಗಕ್ಕೆ ಕೈಯಿಕ್ಕುವ ರಾಜದಂಡದಲ್ಲಿ. ಆ ದಂಡದ ಮೇಲೆ ದೇವರ ಹೆಸರಿದ್ದರೂ ಅಷ್ಟೆ, ದೇವರಿಲ್ಲವೆಂದು ಬರೆದಿದ್ದರೂ ಅಷ್ಟೆ. ಆಲ್ಬೇನಿಯಾದ ಜನರು ಇದನ್ನು ಅರಿತುಕೊಂಡಂತೆ ತೋರುತ್ತದೆ. ಅವರು 1998ರಲ್ಲಿ ರಚಿಸಿಕೊಂಡ ಸಂವಿಧಾನದ 10ನೆಯ ವಿಧಿಯು ಯಾವುದನ್ನೂ ರಾಜಮತವೆಂದು ಸ್ಥಾಪಿಸದೆ ರಾಜ್ಯವು ತಟಸ್ಥವಾಗಿರತಕ್ಕದ್ದೆಂದು ಹೇಳುತ್ತದೆ.

ಆದುದರಿಂದ, ನಾಸ್ತಿಕನು ನೆರೆಮನೆಯವನಾಗಿರುವುದರಿಂದ ಭಕ್ತನಿಗೆ ಹಾನಿಯಿಲ್ಲ. ಅವನ ಪ್ರಶ್ನೆಗಳು ಭಕ್ತನನ್ನು ಎಚ್ಚರಿಸಲೂಬಹುದು. ನಾಸ್ತಿಕ್ಯವು ರಾಜಾಜ್ಞೆಯಾಗುವುದು ಮಾತ್ರ ಇಷ್ಟವಾದುದಲ್ಲ. ಭಕ್ತಿಯು ರಾಜಾಜ್ಞೆಯಾಗುವುದೂ ಹಾಗೆಯೇ ಎಂಬುದು ಇಲ್ಲಿ ನಿಷ್ಪನ್ನವಾದ ಸಿದ್ಧಾಂತ.

ಉಳಿದ ಪ್ರಶ್ನೆಯೊಂದನ್ನು ಸದ್ಭಕ್ತರು ತಮಗೆ ತಾವೇ ಕೇಳಿಕೊಳ್ಳತಕ್ಕದ್ದು. ನಾಳೆ ಮಠದ ಬಾಗಿಲು ಮುಚ್ಚಿ, ಜಾತ್ರೆಯು ನಿಂತು, ಗ್ರಂಥಗಳು ಕೈತಪ್ಪಿದರೆ, ಮನೆಯಲ್ಲಿ ಉಳಿಯುವ ಧರ್ಮವೆಷ್ಟು? ಮಕ್ಕಳಿಗೆ ಬಾಯಿಪಾಠವಾಗಿರುವ ವಚನಗಳೆಷ್ಟು? ಕಾಯಕ ದಾಸೋಹಗಳು ನಡೆಯಲ್ಲಿ ಉಳಿದಿರುವುವೋ, ಮಾತಿನಲ್ಲಿಯೋ? ದೂರದ ನಾಡಿನಲ್ಲಿ ವೃದ್ಧನೊಬ್ಬನು ಶಿಶುವಿನ ತಲೆಗೆ ಎರೆದ ಒಂದು ಬೊಗಸೆ ನೀರಿಗೆ ಪ್ರಾಣವನ್ನೇ ಬೆಲೆಯಾಗಿ ತೆತ್ತನು. ಇಲ್ಲಿ ಮುಂಜಾನೆ ಎದ್ದು ಅಂಗೈಯಲ್ಲಿ ಲಿಂಗವನ್ನಿಟ್ಟು ನೋಡಲು ತಡೆಯುವವರಾರೂ ಇಲ್ಲ. ತಡೆಯಿಲ್ಲದಿರುವಾಗಲೇ ಬೇಸರಿಸದೆ ಅದನ್ನು ಆಚರಿಸಿ, ಮಕ್ಕಳಿಗೂ ಅರ್ಥಸಹಿತವಾಗಿ ತಿಳಿಸಿಕೊಡುವುದು ಗೃಹಸ್ಥರ ಕರ್ತವ್ಯ.