ಕೊನೇ ಸಾಲಿನಲ್ಲಿ ನಿಂತು ಕೇಳು

ಪುಟ್ಟಿ, ಮೊನ್ನೆ ನೀನು ಕೇಳಿದ್ದು ಒಂದೇ ಮಾತು: "ಮಾವ, ಸಾವಿರ ರೂಪಾಯಿ ಒಳಗೆ ಮೈಕ್ ಇರೋ ಇಯರ್‌ಫೋನ್ ಯಾವುದು ತಗೊಳ್ಳಲಿ, ಹೇಳಿ." ನಾನು ಯಾವ ಕಂಪನಿಯ ಹೆಸರನ್ನೂ ಹೇಳಲಿಲ್ಲ. ಹೇಳಿದರೆ ಮುಂದಿನ ದೀಪಾವಳಿ ಹೊತ್ತಿಗೆ ಆ ಮಾಡೆಲ್ಲೇ ಅಂಗಡಿಯಲ್ಲಿ ಇರುವುದಿಲ್ಲ. ಆರಿಸುವುದು ಹೇಗೆ ಅಂತ ತಿಳಿದರೆ ನಿನಗೂ ಆಯಿತು, ನಿನ್ನ ಪಿಜಿಯ ಗೆಳತಿಯರಿಗೂ ಆಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ಹೋದ ತಿಂಗಳು ನಿಮ್ಮಮ್ಮ ಬಂದು ಜಗಲಿ ಮೇಲೆ ಕೂತು, "ಅಣ್ಣ, ನಿನ್ನ ಹಾಗೆ ನನಗೂ ಕಿವಿ ಹೋಗ್ತಾ ಇದೆ ಅನ್ಸುತ್ತೆ. ಮಗು ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗಿರುತ್ತೆ" ಅಂದಳು. ಡಾಕ್ಟರ ಹತ್ತಿರ ಹೊರಟೇಬಿಟ್ಟಿದ್ದಳು. ನಾನು ಪಕ್ಕದ ಕೋಣೆಗೆ ಹೋಗಿ ಅವಳಿಗೇ ಫೋನ್ ಮಾಡಿದೆ. ಸ್ಪಷ್ಟವಾಗಿ ಕೇಳಿಸಿತು. ಅವಳ ಕಿವಿ ನೆಟ್ಟಗಿದೆ, ಫೋನೂ ನೆಟ್ಟಗಿದೆ. ಕೆಟ್ಟಿರುವುದು ನಿನ್ನ ಇಯರ್‌ಫೋನಿನ ಮೈಕು. ನಿನಗೆ ಅದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ನಿನ್ನ ಮೈಕನ್ನು ನೀನು ಯಾವತ್ತೂ ಕೇಳಿಸಿಕೊಳ್ಳುವುದಿಲ್ಲ.

ತಿಪಟೂರಿನ ಸುತ್ತ 30 ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವನು ನಾನು. ಮದುವೆ, ಜಾತ್ರೆ, ಗಣಪತಿ ಪೆಂಡಾಲು, ರಾತ್ರಿಯಿಡೀ ಕುರುಕ್ಷೇತ್ರ ನಾಟಕ. ಹೊಸದರಲ್ಲಿ ನಾನೂ ಆಂಪ್ಲಿಫೈಯರ್ ಪಕ್ಕದಲ್ಲೇ ಕೂತು ತಿರುಪು ತಿರುಗಿಸುತ್ತಿದ್ದೆ. ಕೆಲಸ ಕಲಿಸಿದ ಯಜಮಾನರು ಬೈಯುತ್ತಿದ್ದರು: "ಇಲ್ಲಿ ಕೂತು ಏನೋ ಕೇಳ್ತೀಯ? ಕೊನೇ ಸಾಲಿಗೆ ಹೋಗಿ ನಿಂತು ಕೇಳ್ಕೊಂಡು ಬಾ." ಅಲ್ಲಿ ಕೂತ ಅಜ್ಜಿಗೆ ಭೀಮನ ಮಾತು ತಿಳಿದರೆ ಮೈಕ್ ಸೆಟ್ ಸರಿಯಿದೆ ಅಂತ ಲೆಕ್ಕ. ಈ ಸಣ್ಣ ಸಾಮಾನಿಗೂ ಅದೇ ಪಾಠ. ಇದಕ್ಕೆ ಕೊನೇ ಸಾಲು ಎರಡು: ಒಂದು ನಿನ್ನ ಕಿವಿಯ ತಮಟೆ, ಇನ್ನೊಂದು ಅತ್ತ ಕಡೆ ಫೋನ್ ಹಿಡಿದವರ ಕಿವಿ. ಎರಡೂ ಕಡೆ ನಿಂತು ಕೇಳದೆ ದುಡ್ಡು ಕೊಡಬೇಡ.

ಮೊದಲು ನಿನ್ನ ಕಿವಿ. ಕಿವಿಯೊಳಗೆ ಕೂರುವ ಈ ಜಾತಿಯ ಇಯರ್‌ಫೋನಿನ ಗುಣವೆಲ್ಲ ಅದು ಕೂರುವುದರಲ್ಲಿದೆ. ಡಬ್ಬಿಯಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಜೊತೆ ರಬ್ಬರ್ ಟೊಪ್ಪಿಗೆ ಕೊಟ್ಟಿರುತ್ತಾರೆ. ಹಾಕಿಯೇ ಇರುವ ಮಧ್ಯಮದ್ದನ್ನು ಬಿಟ್ಟು ಉಳಿದದ್ದನ್ನು ಜನ ಡಬ್ಬಿ ಸಮೇತ ಎಸೆಯುತ್ತಾರೆ. ಆಮೇಲೆ "ಬೇಸ್ ಇಲ್ಲ" ಅಂತ ಕಂಪನಿಗೆ ಬೈಯುತ್ತಾರೆ. ಟೊಪ್ಪಿಗೆ ಸಡಿಲವಾದರೆ ಮೊದಲು ಸೋರಿಹೋಗುವುದೇ ತಗ್ಗು ಸದ್ದು. ಮೃದಂಗದ ಎಡಗೈ ಪೆಟ್ಟು ಮಾಯವಾಗಿ ಬಲಗೈಯ ಟಕಟಕ ಮಾತ್ರ ಉಳಿಯುತ್ತೆ. ನಿನ್ನ ಎಡಗಿವಿಗೂ ಬಲಗಿವಿಗೂ ಒಂದೇ ಅಳತೆ ಆಗಬೇಕು ಅಂತಲೂ ಇಲ್ಲ. ನನಗೆ ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ.

ಹಾಕಿಕೊಳ್ಳುವಾಗ ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆ. ಕಿವಿಯ ಕೊಳವೆ ನೆಟ್ಟಗಾಗಿ ಟೊಪ್ಪಿಗೆ ಒಳಗೆ ಕೂರುತ್ತೆ. ಕೂತಮೇಲೆ ಆಕಳಿಸು, ಚಕ್ಕುಲಿ ಅಗಿದ ಹಾಗೆ ದವಡೆ ಆಡಿಸು. ಜಾರಬಾರದು. ಅರ್ಧ ಗಂಟೆಯಾದರೂ ನೋವು ಬರಬಾರದು. ಸರಿಯಾಗಿ ಕೂತರೆ ಬಸ್ಸಿನ ಗದ್ದಲ ತಾನೇ ತಗ್ಗುತ್ತೆ, ನೀನು ವಾಲ್ಯೂಮ್ ಏರಿಸಬೇಕಾಗಿಲ್ಲ. ಈ ಮಾತನ್ನು ನೆನಪಿಟ್ಟುಕೋ, ಕೊನೆಯಲ್ಲಿ ಇದಕ್ಕೇ ಬರುತ್ತೇನೆ.

ಎರಡನೆಯದು, ನಿನ್ನ ಫೋನಿಗೆ ಯಾವ ತೂತಿದೆ ನೋಡು. ದುಂಡನೆಯ 3.5 ಮಿ.ಮೀ. ತೂತಿದ್ದರೆ ನೀನು ಅದೃಷ್ಟವಂತೆ. ಪಿನ್ನಿನ ಮೇಲೆ ಕಪ್ಪು ಉಂಗುರ ಎಣಿಸು. ಮೂರಿದ್ದರೆ ಪಿನ್ನಿಗೆ ನಾಲ್ಕು ಭಾಗ: ಎಡ, ಬಲ, ಗ್ರೌಂಡ್, ಮೈಕು. ಎರಡೇ ಉಂಗುರವಿದ್ದರೆ ಅದಕ್ಕೆ ಮೈಕಿಲ್ಲ, ಅಂಗಡಿಯವನು ಏನೇ ಹೇಳಲಿ. ಹಳೇ ಕಾಲದ ಕೆಲವು ಫೋನುಗಳಲ್ಲಿ ಮೈಕು, ಗ್ರೌಂಡ್ ಜಾಗ ಅದಲು ಬದಲಾಗಿತ್ತು. ಅವುಗಳ ಇಯರ್‌ಫೋನನ್ನು ಈಗಿನ ಫೋನಿಗೆ ಚುಚ್ಚಿದರೆ ಹಾಡುವವರ ದನಿ ಹಿಂದಕ್ಕೆ ಹೋಗಿ ಪಕ್ಕವಾದ್ಯವೇ ಮುಂದೆ ಕೇಳಿಸುತ್ತೆ. ಮೈಕಿನ ಗುಂಡಿ ಒತ್ತಿ ಹಿಡಿದರೆ ದನಿ ವಾಪಸ್ ಬರುತ್ತೆ. ಹಾಗಾದರೆ ಇಯರ್‌ಫೋನ್ ಕೆಟ್ಟಿಲ್ಲ, ಹೊಂದಾಣಿಕೆ ಇಲ್ಲ ಅಷ್ಟೇ. ಪಿನ್ ಪೂರ್ತಿ ಒಳಗೆ ಹೋಗದಿದ್ದರೂ ಇದೇ ಕಥೆ.

ಟೈಪ್-ಸಿ ತೂತು ಮಾತ್ರ ಇದ್ದರೆ ಸ್ವಲ್ಪ ಹುಷಾರು. ಕೆಲವು ಫೋನುಗಳು ಅದರೊಳಗಿಂದ ನೇರವಾಗಿ ಸದ್ದಿನ ಸಿಗ್ನಲ್ಲನ್ನೇ ಕೊಡುತ್ತವೆ. ಉಳಿದವು ಡಿಜಿಟಲ್ ರೂಪದಲ್ಲಿ ಕೊಡುತ್ತವೆ. ಅದನ್ನು ಸದ್ದಾಗಿ ಬದಲಾಯಿಸುವ ಚಿಪ್, ಡ್ಯಾಕ್ ಅನ್ನುತ್ತಾರೆ, ಇಯರ್‌ಫೋನಿನ ಪಿನ್ನಿನೊಳಗೇ ಇರಬೇಕು. ಅಗ್ಗದ ಕೆಲವದರಲ್ಲಿ ಅದಿರುವುದಿಲ್ಲ. ಗೆಳತಿಯ ಫೋನಿನಲ್ಲಿ ಹಾಡಿದ್ದು ನಿನ್ನದರಲ್ಲಿ ಮೂಕಾಗುವುದು ಇದಕ್ಕೇ. "ಡ್ಯಾಕ್ ಇದೆಯಾ?" ಅಂತ ಕೇಳು, ನಿನ್ನ ಫೋನಿಗೇ ಚುಚ್ಚಿ ನೋಡು. ಐಫೋನಿನವರಿಗೆ ಇನ್ನೊಂದು ತಲೆನೋವು: 2016ರ ಐಫೋನ್ 7ರಿಂದ ದುಂಡು ತೂತು ಹೋಯಿತು, 14ರವರೆಗೆ ಲೈಟ್ನಿಂಗ್, 2023ರ 15ರಿಂದ ಟೈಪ್-ಸಿ. ಒಂದೇ ಮನೆಯಲ್ಲಿ ಮೂರು ಥರದ ಇಯರ್‌ಫೋನ್.

ತಂತಿ ಇಲ್ಲದ್ದು ಬೇಡವಾ ಅಂತ ನೀನು ಕೇಳುತ್ತೀಯ. ಬೇಡ ಅನ್ನುವುದಿಲ್ಲ. ಆದರೆ ನಿನ್ನ ಕೆಲಸವೇ ದಿನಕ್ಕೆ ನಾಲ್ಕು ಮೀಟಿಂಗು. ಬ್ಲೂಟೂತ್ ಹಾಡು ಕೇಳಿಸುವಾಗ ಒಂದು ರೀತಿ, ಮೈಕ್ ಶುರುವಾದ ತಕ್ಷಣ ಇನ್ನೊಂದು ರೀತಿ ಕೆಲಸ ಮಾಡುತ್ತೆ. ಅದೇ ದಾರಿಯಲ್ಲಿ ಹೋಗುವ ಮಾತಿಗೂ ಬರುವ ಮಾತಿಗೂ ಜಾಗ ಕೊಡಬೇಕಾಗಿ ಬಂದು ಸದ್ದು ತೆಳುವಾಗುತ್ತೆ. ಕಿವಿಯಲ್ಲೇ ಉಳಿಯುವ ಆ ಬೀಜದಂಥವುಗಳಲ್ಲಿ ಮೈಕು ಬಾಯಿಂದ ದೂರ. ಒಳಗಿನ ಚಿಕ್ಕ ಬ್ಯಾಟರಿ ಸೊರಗಿದರೆ ಬದಲಾಯಿಸುವವರೂ ಸಿಗುವುದು ಕಷ್ಟ. ಮೆಟ್ರೋದಲ್ಲಿ ಒಂದು ಬಿದ್ದುಹೋದರೆ ಉಳಿದದ್ದು ಒಂಟಿ ಎತ್ತು. ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್ ಪರವಾಗಿಲ್ಲ. ನಿನ್ನ ಬಜೆಟ್ಟಿನಲ್ಲಿ, ಮಾತೇ ಮುಖ್ಯವಾದರೆ, ನನ್ನ ಓಟು ತಂತಿಗೇ.

ಈಗ ಅಮ್ಮನ ಕಡೆಗೆ ಬಾ. ತಂತಿಯದರಲ್ಲಿ ಮೈಕು ಗುಂಡಿಯ ಪಕ್ಕ ಇರುವ ಸೂಜಿಮೊನೆಯಷ್ಟು ತೂತು. ಹಾಕಿಕೊಂಡಾಗ ಅದು ದವಡೆಯ ಹತ್ತಿರ ಬರಬೇಕು. ಎದೆಯ ಮೇಲೆ ತೂಗಿದರೆ ದುಪಟ್ಟಾ ಉಜ್ಜುವ ಸದ್ದು, ಸರದ ಕಿಣಿಕಿಣಿ ಎಲ್ಲ ಅಮ್ಮನಿಗೆ ಹೋಗುತ್ತೆ, ನಿನ್ನ ಮಾತೊಂದು ಬಿಟ್ಟು. ಕೈಯಲ್ಲಿ ಹಿಡಿದು ಮಾತಾಡುವುದಾದರೆ ತೂತಿನ ಮೇಲೆ ಬೆರಳಿಡಬೇಡ. ನಿನ್ನ ಬಾವಿಯ ದನಿಗೆ ಅದೂ ಒಂದು ಕಾರಣ ಇರಬಹುದು.

ಡಬ್ಬಿಯ ಮೇಲೆ ಎರಡು ಪದ ಇರುತ್ತವೆ, ಅಂಗಡಿಯವರು ಎರಡನ್ನೂ ಕಲಸಿ ಹೇಳುತ್ತಾರೆ. ಎಎನ್‌ಸಿ ಅಂದರೆ ಹೊರಗಿನ ಗದ್ದಲ ನಿನ್ನ ಕಿವಿಗೆ ಬರದ ಹಾಗೆ ಎದುರು ಸದ್ದು ಹುಟ್ಟಿಸಿ ತಡೆಯುವುದು. ಇಎನ್‌ಸಿ ಅಂದರೆ ನಿನ್ನ ಸುತ್ತಲ ಗದ್ದಲ ಅತ್ತ ಕಡೆಯವರಿಗೆ ಹೋಗದ ಹಾಗೆ ಸೋಸುವುದು. ಮೊದಲನೆಯದು ನಿನಗೆ, ಎರಡನೆಯದು ಅಮ್ಮನಿಗೆ. "ನಾಯ್ಸ್ ಕ್ಯಾನ್ಸಲಿಂಗ್ ಇದೆ ಮೇಡಂ" ಅಂದರೆ "ಯಾರಿಗೆ?" ಅಂತ ಕೇಳು.

ಪರೀಕ್ಷೆ ಸುಲಭ. ಅಂಗಡಿಯ ಬಾಗಿಲಿಗೆ, ರಸ್ತೆಯ ಸದ್ದಿಗೆ ಬಾ. ಫೋನಿನ ರೆಕಾರ್ಡರ್ ಹಾಕಿ ನಿನ್ನ ಸಾಮಾನ್ಯ ದನಿಯಲ್ಲೇ ನಾಲ್ಕು ವಾಕ್ಯ ಮಾತಾಡು, ಕೇಳಿ ನೋಡು. "ಹಲೋ ಮೈಕ್ ಟೆಸ್ಟಿಂಗ್" ಅನ್ನಬೇಡ, ಅದು ಯಾವ ಮೈಕಿನಲ್ಲೂ ಚೆನ್ನಾಗಿಯೇ ಕೇಳಿಸುತ್ತೆ. "ಶನಿವಾರ ಸಂಜೆ ಸಂತೆ" ಅನ್ನು. ಮೈಕಿನ ಯೋಗ್ಯತೆ ತಿಳಿಯುವುದು ಸ, ಶ, ತ ಅಕ್ಷರಗಳಲ್ಲಿ. ಆಮೇಲೆ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡು.

ಡಬ್ಬಿಯ ಅಂಕಿಗಳಿಗೆ ಮರುಳಾಗಬೇಡ. 20ರಿಂದ 20,000 ಹರ್ಟ್ಜ್ ಅಂತ ಎಲ್ಲರೂ ಬರೆಯುತ್ತಾರೆ. ಅದು ಮನುಷ್ಯನ ಕಿವಿಯ ಎಲ್ಲೆ, ಇಯರ್‌ಫೋನಿನ ಹೆಚ್ಚುಗಾರಿಕೆ ಅಲ್ಲ. ಹಳೇ ರೀತಿಯ ಫೋನ್ ಕರೆಯಲ್ಲಿ ದಾಟುತ್ತಿದ್ದದ್ದೇ 300ರಿಂದ 3,400 ಹರ್ಟ್ಜ್. ಡ್ರೈವರ್ ಅಂದರೆ ಒಳಗಿನ ಪುಟ್ಟ ಸ್ಪೀಕರ್; 14 ಮಿ.ಮೀ.ನದ್ದು 10ರದ್ದಕ್ಕಿಂತ ದೊಡ್ಡದು ಹೌದು, ಒಳ್ಳೆಯದು ಅನ್ನುವಂತಿಲ್ಲ. ಇಂಪೀಡೆನ್ಸ್ ಅನ್ನುವ ಕಡೆ 16 ಅಥವಾ 32 ಓಮ್ ಅಂತಿದ್ದರೆ ಫೋನಿಗೆ ಸಾಕು. "ಎಕ್ಸ್‌ಟ್ರಾ ಬೇಸ್" ಅಂತ ದಪ್ಪ ಅಕ್ಷರದಲ್ಲಿದ್ದರೆ ಅನುಮಾನಿಸು. ಗುಡುಗಿನ ನಡುವೆ ಮಾತು ಮುಳುಗಿಹೋಗುತ್ತೆ. ನೀನು ಸಾವಿರ ಸಲ ಕೇಳಿದ ಒಂದು ಭಾವಗೀತೆಯನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ ಅದನ್ನೇ ಹಾಕು. ದನಿ ತಲೆಯ ನಡುಮಧ್ಯೆ ನಿಲ್ಲಬೇಕು. ಪದ ಒಂದೊಂದೂ ಬಿಡಿಸಿಟ್ಟ ಹಾಗಿರಬೇಕು.

ಎಸ್.ಪಿ. ರಸ್ತೆಗೆ ಹೋದರೂ ಸರಿ, ನ್ಯಾಷನಲ್ ಮಾರ್ಕೆಟ್ಟಿಗೆ ಹೋದರೂ ಸರಿ, ಬಿಲ್ಲು ಇಸಕೊಂಡು ಬಾ. ಬಿಲ್ಲಿಲ್ಲದ ವಾರಂಟಿ ನೀರಿನ ಮೇಲಿನ ಬರಹ. ತಂತಿ ಇಲ್ಲದ್ದೇ ತಗೊಂಡರೆ ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತು, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯಾ ನೋಡು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತೆ. ತಂತಿಯದರಲ್ಲಿ ಪಿನ್ನಿನ ಕತ್ತು ನೋಡು. ನನ್ನ ಬೆಸುಗೆ ಕಡ್ಡಿಗೆ ಬಂದ ಹತ್ತರಲ್ಲಿ ಎಂಟು ಅಲ್ಲೇ ಮುರಿದಿರುತ್ತಿದ್ದವು. ಅಲ್ಲಿ ಬಳುಕುವ ರಬ್ಬರ್ ಕವಚ ಇರಬೇಕು. ಎಳೆಯುವಾಗ ಪಿನ್ ಹಿಡಿ, ತಂತಿ ಹಿಡಿಯಬೇಡ. ಫೋನಿಗೆ ಬಿಗಿಯಾಗಿ ಸುತ್ತಬೇಡ, ಸಡಿಲವಾಗಿ ಮಡಿಸಿ ಸಣ್ಣ ಚೀಲಕ್ಕೆ ಹಾಕು. ವಾರಕ್ಕೊಮ್ಮೆ ರಬ್ಬರ್ ಟೊಪ್ಪಿಗೆ ಬಿಚ್ಚಿ ಸೋಪು ನೀರಲ್ಲಿ ತೊಳೆದು ಒಣಗಿಸು, ಜಾಲರಿಯ ಗುಗ್ಗೆಯನ್ನು ಒಣ ಬ್ರಷ್ಷಿನಿಂದ ಒರೆಸು. ಒಂದು ಕಡೆ ಸದ್ದು ಕಡಿಮೆ ಅಂತ ತಂದ ಎಷ್ಟೋ ಇಯರ್‌ಫೋನಿಗೆ ನಾನು ಮಾಡಿದ ರಿಪೇರಿ ಇಷ್ಟೇ. ಗೆಳತಿಗೆ ನಿನ್ನ ಹಲ್ಲಿನ ಬ್ರಷ್ ಕೊಡುತ್ತೀಯಾ? ಇದನ್ನೂ ಕೊಡಬೇಡ.

ಇನ್ನು ಕೊನೇ ಮಾತು, ಇದಕ್ಕೇ ಇಷ್ಟೆಲ್ಲ ಬರೆದದ್ದು. ನಿಮ್ಮತ್ತೆ ಒಂದು ದಿನ ಅಂಗಡಿಗೆ ಹೊರಟವನಿಗೆ "ಸಕ್ಕರೆ ಇಲ್ಲ" ಅಂದಳು. ನನಗೆ ಕೇಳಿಸಿದ್ದು "ಅಕ್ಕರೆ ಇಲ್ಲ". ಮೂವತ್ತು ವರ್ಷದ ಸಂಸಾರದ ಮೇಲೆ ಇದೆಂಥ ಮಾತು ಅಂತ ಮುಖ ಊದಿಸಿಕೊಂಡು ಬರಿಗೈಲಿ ವಾಪಸ್ ಬಂದೆ. ಆಮೇಲೆ ಪರೀಕ್ಷೆ ಮಾಡಿಸಿದಾಗ ತಿಳಿಯಿತು, ನನ್ನ ಕಿವಿಯಲ್ಲಿ ಎತ್ತರದ ಸದ್ದುಗಳು ಹೋಗಿವೆ. ಗದ್ದಲ ಮೊದಲು ತಿನ್ನುವುದು 4,000 ಹರ್ಟ್ಜ್ ಆಸುಪಾಸನ್ನೇ. ಸ್ವರಗಳು ಉಳಿಯುತ್ತವೆ, ಸ, ಶ ಮಸುಕಾಗುತ್ತವೆ. ಜೀರುಂಡೆ ಕೂಗುವುದನ್ನು ನಾನು ಕೇಳಿ ಎಷ್ಟು ವರ್ಷವಾಯಿತೋ. ಅದರ ಬದಲು ಕಿವಿಯೊಳಗೇ ಗುಂಯ್ ಅನ್ನುವ ಒಂದು ಜೀರುಂಡೆ ಬಂದು ಕೂತಿದೆ.

ನನ್ನ ಕಿವಿಯನ್ನು ತಿಂದದ್ದು ಜಾತ್ರೆಯ ಹಾರ್ನ್ ಸ್ಪೀಕರು. ನೀನು ಅದನ್ನೇ ಚಿಕ್ಕದು ಮಾಡಿ ಕಿವಿಯೊಳಗೇ ಇಟ್ಟುಕೊಳ್ಳುತ್ತಿದ್ದೀಯ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲುಕಣಗಳು ಒಂದು ಕಿವಿಗೆ ಸುಮಾರು 15 ಸಾವಿರ, ಅಷ್ಟೇ. ಕೋಳಿಗೆ ಅವು ಸತ್ತರೂ ಮತ್ತೆ ಚಿಗುರುತ್ತವೆ. ನಮಗೆ ಆ ಭಾಗ್ಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ಹತ್ತು ಏರಿದರೆ ಹೊತ್ತು ಹತ್ತರಲ್ಲೊಂದಾಗುತ್ತೆ. ಪ್ರತಿ 3 ಡೆಸಿಬಲ್ಲಿಗೆ ಸದ್ದಿನ ಶಕ್ತಿ ದುಪ್ಪಟ್ಟು, ಅದಕ್ಕೇ ಹೀಗೆ.

ಫೋನು ಡೆಸಿಬಲ್ ತೋರಿಸದಿದ್ದರೂ ದಾರಿಯಿದೆ. ಸದ್ದಿಲ್ಲದ ಕೋಣೆಯಲ್ಲಿ ಕೂತು ವಾಲ್ಯೂಮನ್ನು ಹಿತವಾಗಿ ಹೊಂದಿಸು, ನೂರಕ್ಕೆ ಅರವತ್ತು ಪಾಲು ದಾಟಿಸಬೇಡ. ಬಸ್ಸಿನಲ್ಲಿ ಅದು ಸಾಲದು ಅನಿಸಿದರೆ ಗುಂಡಿ ಒತ್ತುವ ಬದಲು ಟೊಪ್ಪಿಗೆ ಸರಿಮಾಡು. ಕೈಯಳತೆಯಲ್ಲಿ ನಿಂತವರು ಮಾತಾಡಿದ್ದು ಗೊತ್ತೇ ಆಗದಿದ್ದರೆ, ಕಳಚಿದಮೇಲೆ ಗುಂಯ್ ಅಂದರೆ, ಅವತ್ತಿಗೆ ಸಾಕು. ಗಂಟೆಗೊಮ್ಮೆ ಕಿವಿಗೆ ಗಾಳಿಯಾಡಲಿ. ರಸ್ತೆ ದಾಟುವಾಗ, ಊರಿಗೆ ಬಂದಾಗ ಸ್ಟೇಷನ್ನಿನ ಹಳಿ ಪಕ್ಕ ನಡೆಯುವಾಗ, ಎರಡೂ ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದಿರು.

ಶನಿವಾರ ಅಂಗಡಿಗೆ ಹೋಗುತ್ತೀಯಲ್ಲ, ಹೇಳಿದ ಹಾಗೆ ರಸ್ತೆಗೆ ಬಂದು ಫೋನ್ ಮಾಡು. ಅಮ್ಮನಿಗೆ ಮಾಡು, ನನಗೆ ಮಾಡಬೇಡ. ನೀನು ಎಷ್ಟು ಒಳ್ಳೇ ಮೈಕಿನಲ್ಲಿ ಸಕ್ಕರೆ ಅಂದರೂ ನನಗೆ ಅಕ್ಕರೆ ಅಂತಲೇ ಕೇಳಿಸುತ್ತೆ.